ಒಂದೇ ಜೋಡಿ ಅಕ್ಷಗಳ ಮೇಲೆ ಹಲವು ದತ್ತಾಂಶಗಳು: ಆಕ್ಟೇವ್ ಮತ್ತು ಮ್ಯಾಟ್‌ಲ್ಯಾಬ್‌ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಬೇರೆ ಬೇರೆ ಕಡೆಯಿಂದ ಬಂದ ಎರಡು ದತ್ತಾಂಶಗಳನ್ನು ಹೋಲಿಸಬೇಕಾದಾಗ ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದು ನೋಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಗಣಿತದ ತಂತ್ರಾಂಶಗಳಲ್ಲಿ ಇದಕ್ಕೆ ಬೇಕಾಗುವುದು ಒಂದೆರಡು ಆಜ್ಞೆಗಳು ಮಾತ್ರ. ಆದರೆ ಆಜ್ಞೆ ತೊಡಕಿಲ್ಲದೆ ನಡೆಯಿತೆಂದ ಮಾತ್ರಕ್ಕೆ ಹೋಲಿಕೆ ಸರಿಯಾಯಿತೆಂದು ಹೇಳಲಾಗದು. ತಂತ್ರಾಂಶವು ತನಗೆ ಸಿಕ್ಕ ಸಂಖ್ಯೆಗಳನ್ನು ಸಿಕ್ಕ ಹಾಗೆಯೇ ಗುರುತಿಸುತ್ತದೆ. ಒಂದು ಸಾಲು ಕಿಲೋಮೀಟರಿನಲ್ಲಿದೆ, ಇನ್ನೊಂದು ಖಗೋಳಮಾನದಲ್ಲಿ (ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರವೇ ಒಂದು ಎಂಬ ಅಳತೆಯಲ್ಲಿ) ಇದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಏಕಮಾನ, ಅಳತೆಯ ಬಗೆ, ವ್ಯಾಪ್ತಿ ಈ ಮೂರರಲ್ಲಿ ದತ್ತಾಂಶಗಳು ಒಂದಕ್ಕೊಂದು ಹೊಂದಿಕೊಂಡ ಮೇಲಷ್ಟೇ ಅವುಗಳನ್ನು ಒಂದರ ಮೇಲೊಂದು ಕೂರಿಸುವುದಕ್ಕೆ ಅರ್ಥ ಬರುತ್ತದೆ. ಆದ್ದರಿಂದ ಇಲ್ಲಿ ಆಜ್ಞೆಗಳಷ್ಟೇ ಗಮನವನ್ನು ಈ ಹೊಂದಾಣಿಕೆಗೂ ಕೊಡಲಾಗಿದೆ.

ಕೆಲಸಕ್ಕೆ ಆರಿಸಿಕೊಂಡಿರುವುದು ಉಚಿತವಾಗಿ ಸಿಗುವ ಗ್ನೂ ಆಕ್ಟೇವ್. ಇಲ್ಲಿ ಹೇಳಿದ ಆಜ್ಞೆಗಳು ಮ್ಯಾಟ್‌ಲ್ಯಾಬ್‌ನಲ್ಲೂ ನಡೆಯುತ್ತವೆ. ವ್ಯತ್ಯಾಸವಿರುವ ಕಡೆ ಅದನ್ನು ಹೇಳಿದ್ದೇನೆ. ಆಜ್ಞೆಗಳ ಹೆಸರನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಈ ಎರಡು ತಂತ್ರಾಂಶಗಳಲ್ಲಿ ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ಚರಗಳ ಹೆಸರುಗಳಿಗೂ ಇದೇ ನಿಯಮ.

ಉದಾಹರಣೆಗೆ ಕೆಪ್ಲರನ ಮೂರನೆಯ ನಿಯಮ

ಕಾಲ್ಪನಿಕ ಸೈನ್ ಅಲೆಗಳನ್ನು ಒಂದರ ಮೇಲೊಂದು ಎಳೆದು ತೋರಿಸುವುದು ಸುಲಭ, ಆದರೆ ಅದರಿಂದ ಕಲಿಯುವುದು ಕಡಿಮೆ. ಅದರ ಬದಲು ನಿಜವಾದ ಎರಡು ದತ್ತಾಂಶಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು ಸೂರ್ಯನ ಸುತ್ತ ತಿರುಗುವ 8 ಗ್ರಹಗಳ ದೂರ ಮತ್ತು ಪರಿಭ್ರಮಣ ಅವಧಿ. ಎರಡನೆಯದು 1610ರಲ್ಲಿ ಗೆಲಿಲಿಯೊ ಕಂಡುಹಿಡಿದ, ಗುರುಗ್ರಹದ ಸುತ್ತ ತಿರುಗುವ ಅಯೋ, ಯುರೋಪಾ, ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೊ ಎಂಬ ನಾಲ್ಕು ಉಪಗ್ರಹಗಳ ದೂರ ಮತ್ತು ಅವಧಿ. ಅವಧಿಯ ವರ್ಗವು ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಕೆಪ್ಲರ್ 1619ರಲ್ಲಿ ಪ್ರಕಟಿಸಿದ. ಗ್ರಹಗಳೂ ಉಪಗ್ರಹಗಳೂ ಈ ನಿಯಮವನ್ನು ಪಾಲಿಸುತ್ತವೆ, ಆದರೆ ಅನುಪಾತದ ಸ್ಥಿರಾಂಕ ಎರಡು ಗುಂಪುಗಳಿಗೂ ಬೇರೆ. ಆ ವ್ಯತ್ಯಾಸದಲ್ಲಿ ಸೂರ್ಯನ ಮತ್ತು ಗುರುವಿನ ದ್ರವ್ಯರಾಶಿಗಳ ಅನುಪಾತ ಅಡಗಿದೆ. ಎರಡು ದತ್ತಾಂಶಗಳನ್ನು ಒಟ್ಟಿಗೆ ಬರೆಯದೆ ಈ ಸಂಖ್ಯೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ನಮ್ಮ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಉದಾಹರಣೆ.

ಮೊದಲ ಹಂತ: ದತ್ತಾಂಶವನ್ನು ಒಂದೇ ಏಕಮಾನಕ್ಕೆ ತರುವುದು

ಆಜ್ಞೆಗಳನ್ನು ನೇರವಾಗಿ ಆಜ್ಞಾ ಕಿಟಕಿಯಲ್ಲಿ ಬರೆಯದೆ ಒಂದು ಸ್ಕ್ರಿಪ್ಟ್ ಕಡತದಲ್ಲಿ ಬರೆದುಕೊಳ್ಳಿ. ನಕ್ಷೆಯನ್ನು ಒಂದೇ ಬಾರಿಗೆ ಯಾರೂ ಮುಗಿಸುವುದಿಲ್ಲ. ತಿದ್ದಿ ಮತ್ತೆ ನಡೆಸುವಾಗ ಸ್ಕ್ರಿಪ್ಟ್ ಇದ್ದರೆ ಕೆಲಸ ಹಗುರ. ಕಡತದ ಆರಂಭದಲ್ಲಿ ಈ ನಾಲ್ಕು ಸಾಲುಗಳಿರಲಿ:

ಎ1 = [0.387 0.723 1 1.524 5.203 9.537 19.19 30.07];
ಟಿ1 = [0.241 0.615 1 1.881 11.86 29.45 84.02 164.8];
ಎ2 = [421700 671100 1070400 1882700] / 149597871;
ಟಿ2 = [1.769 3.551 7.155 16.689] / 365.25;

ಮೊದಲ ಎರಡು ಸಾಲುಗಳಲ್ಲಿ ಬುಧನಿಂದ ನೆಪ್ಚೂನ್‌ವರೆಗಿನ ಗ್ರಹಗಳ ಕಕ್ಷೆಯ ಅರೆ ದೀರ್ಘಾಕ್ಷವು (ನಾವು ದೂರ ಎನ್ನುವುದು ಇದನ್ನೇ) ಖಗೋಳಮಾನದಲ್ಲೂ ಅವಧಿಯು ವರ್ಷದಲ್ಲೂ ಇವೆ. ಉಪಗ್ರಹಗಳ ಅಳತೆಗಳು ಸಾಮಾನ್ಯವಾಗಿ ಕಿಲೋಮೀಟರು ಮತ್ತು ದಿನಗಳಲ್ಲಿ ಸಿಗುತ್ತವೆ. ಆದ್ದರಿಂದ ದೂರವನ್ನು ಒಂದು ಖಗೋಳಮಾನದಲ್ಲಿರುವ ಕಿಲೋಮೀಟರುಗಳಿಂದಲೂ ಅವಧಿಯನ್ನು ಒಂದು ವರ್ಷದ ದಿನಗಳಿಂದಲೂ ಭಾಗಿಸಿದ್ದೇವೆ. ಭಾಗಾಕಾರವನ್ನು ಕ್ಯಾಲ್ಕುಲೇಟರಿನಲ್ಲಿ ಮಾಡಿ ಉತ್ತರವನ್ನು ಮಾತ್ರ ಬರೆಯುವುದಕ್ಕಿಂತ ಹೀಗೆ ಸ್ಕ್ರಿಪ್ಟಿನಲ್ಲೇ ಉಳಿಸುವುದು ಲೇಸು; ಮೂಲ ಸಂಖ್ಯೆ ಯಾವುದು, ಪರಿವರ್ತನೆ ಯಾವುದು ಎಂಬುದು ಓದುವವರಿಗೆ ಕಾಣುತ್ತದೆ.

ಇಲ್ಲಿ ಒಂದು ವಿಷಯವನ್ನು ನಿಂತು ನೋಡಬೇಕು. ಸಾಮಾನ್ಯ ಅಳತೆಯ ಅಕ್ಷಗಳಲ್ಲಿ ಏಕಮಾನ ತಪ್ಪಿದರೆ ನಕ್ಷೆಯೇ ಅದನ್ನು ಹೇಳಿಬಿಡುತ್ತದೆ: ಒಂದು ದತ್ತಾಂಶ ಇಡೀ ಹಾಳೆಯನ್ನು ಆಕ್ರಮಿಸಿ, ಇನ್ನೊಂದು ಮೂಲೆಯಲ್ಲಿ ಚುಕ್ಕೆಯಾಗಿ ಮುದುಡಿಕೊಳ್ಳುತ್ತದೆ. ನಾವು ಮುಂದೆ ಬಳಸಲಿರುವ ಲಘುಗಣಕ (ಲಾಗರಿದಮ್) ಅಕ್ಷಗಳಲ್ಲಿ, ಅಂದರೆ ಪ್ರತಿ ಹತ್ತು ಪಟ್ಟಿಗೂ ಒಂದೇ ಅಂತರವಿರುವ ಅಕ್ಷಗಳಲ್ಲಿ, ಹಾಗಾಗುವುದಿಲ್ಲ. ಏಕಮಾನ ಬದಲಾಯಿಸುವುದೆಂದರೆ ಒಂದು ಸ್ಥಿರಾಂಕದಿಂದ ಗುಣಿಸುವುದು. ಲಘುಗಣಕ ಅಳತೆಯಲ್ಲಿ ಗುಣಾಕಾರವೆಂದರೆ ಬರಿಯ ಸ್ಥಳಾಂತರ. ಆದ್ದರಿಂದ ಉಪಗ್ರಹಗಳನ್ನು ಕಿಲೋಮೀಟರು ಮತ್ತು ದಿನಗಳಲ್ಲೇ ಬಿಟ್ಟರೂ ಅವು ಗ್ರಹಗಳ ರೇಖೆಗೆ ಸಮಾನಾಂತರವಾದ, ನೋಡಲು ಅಚ್ಚುಕಟ್ಟಾದ ರೇಖೆಯ ಮೇಲೆಯೇ ಬೀಳುತ್ತವೆ. ಓಟ (ಗೆರೆಯ ಇಳಿಜಾರು) ಸರಿ, ರೂಪ ಸರಿ, ಅಂತರ ಮಾತ್ರ ಸುಳ್ಳು. ಆ ಸುಳ್ಳು ಅಂತರದಿಂದ ಲೆಕ್ಕ ಹಾಕಿದರೆ ಗುರುವಿನ ದ್ರವ್ಯರಾಶಿ ಸೂರ್ಯನದಕ್ಕಿಂತ ಸುಮಾರು 24 ಸಾವಿರ ಲಕ್ಷ ಕೋಟಿ ಪಟ್ಟು ಹೆಚ್ಚೆಂಬ ಉತ್ತರ ಬರುತ್ತದೆ. ಈ ಉದಾಹರಣೆಯಲ್ಲಿ ಉತ್ತರ ಹಾಸ್ಯಾಸ್ಪದವಾಗಿರುವುದರಿಂದ ತಪ್ಪು ಸಿಕ್ಕಿಬೀಳುತ್ತದೆ. ಮಿಲಿಮೀಟರು ಮತ್ತು ಸೆಂಟಿಮೀಟರುಗಳ ನಡುವಿನ ತಪ್ಪು ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ.

ಇನ್ನೊಂದು ಸಂದೇಹವನ್ನೂ ಇಲ್ಲೇ ಪರಿಹರಿಸಿಕೊಳ್ಳುವುದು ಒಳ್ಳೆಯದು. ಗ್ರಹಗಳು ಎಂಟು, ಉಪಗ್ರಹಗಳು ನಾಲ್ಕು; ಸಾಲುಗಳ ಉದ್ದ ಬೇರೆಯಾದ್ದರಿಂದ ಅವುಗಳನ್ನು ಮೊದಲು ಸಮ ಮಾಡಿಕೊಳ್ಳಬೇಕೇ? ಬೇಕಿಲ್ಲ. ಒಂದೊಂದು ಜೋಡಿಯೊಳಗೆ ದೂರದ ಸಾಲು ಮತ್ತು ಅವಧಿಯ ಸಾಲು ಒಂದೇ ಉದ್ದದವಾಗಿದ್ದರೆ ಸಾಕು. ಎರಡು ದತ್ತಾಂಶಗಳ ವ್ಯತ್ಯಾಸವನ್ನು ಬಿಂದುವಾರು ಲೆಕ್ಕ ಹಾಕಬೇಕಾದಾಗ ಮಾತ್ರ ಒಂದನ್ನು ಇನ್ನೊಂದರ ಬಿಂದುಗಳಿಗೆ ಅಂತರ್ಗಣಿಸಬೇಕಾಗುತ್ತದೆ (ನಡುವಿನ ಬೆಲೆಗಳನ್ನು ಅಂದಾಜಿಸಬೇಕಾಗುತ್ತದೆ), ಅದಕ್ಕೆ ಇಂಟರ್ಪ್1 ಎಂಬ ಆಜ್ಞೆಯಿದೆ. ಅಳೆಯದ ಬೆಲೆಗಳನ್ನು ಸುಮ್ಮನೆ ನಕ್ಷೆಗಾಗಿ ಹುಟ್ಟಿಸಿಕೊಳ್ಳುವ ಅಭ್ಯಾಸ ಬೇಡ. ಕಾಣೆಯಾದ ಬೆಲೆಗಳಿದ್ದರೆ ಆ ಜಾಗದಲ್ಲಿ ಸೊನ್ನೆ ಬರೆಯದೆ ಎನ್ಎಎನ್ (ಸಂಖ್ಯೆಯಲ್ಲ ಎಂಬ ಗುರುತು) ಎಂದು ಬರೆಯಿರಿ. ತಂತ್ರಾಂಶ ಆ ಬಿಂದುವನ್ನು ಬಿಟ್ಟು ಮುಂದೆ ಹೋಗುತ್ತದೆ.

ಎರಡನೆಯ ಹಂತ: ಮೊದಲ ದತ್ತಾಂಶ

ಸ್ಕ್ರಿಪ್ಟಿನಲ್ಲಿ ಫಿಗರ್ ಎಂದು ಬರೆದು ಹೊಸ ಕಿಟಕಿ ತೆರೆಯಿರಿ, ಅಥವಾ ಸಿಎಲ್ಎಫ್ ಎಂದು ಬರೆದು ಹಳೆಯ ಕಿಟಕಿಯನ್ನು ಬರಿದು ಮಾಡಿ. ಆಮೇಲೆ ಗ್ರಹಗಳನ್ನು ಗುರುತಿಸಿ:

ಲಾಗ್‌ಲಾಗ್(ಎ1, ಟಿ1, 'ಓ');

ಲಾಗ್‌ಲಾಗ್ ಆಜ್ಞೆ ಎರಡೂ ಅಕ್ಷಗಳನ್ನು ಲಘುಗಣಕ ಅಳತೆಗೆ ತರುತ್ತದೆ. ಬುಧನ ಅವಧಿ ಕಾಲು ವರ್ಷಕ್ಕಿಂತ ಕಡಿಮೆ, ನೆಪ್ಚೂನಿನದು 164.8 ವರ್ಷ, ಅಯೋ ಗುರುವನ್ನು ಎರಡು ದಿನಕ್ಕೂ ಮುಂಚೆ ಒಂದು ಸುತ್ತು ಹಾಕಿ ಮುಗಿಸುತ್ತದೆ. ಇಷ್ಟು ವಿಸ್ತಾರವಾದ ಬೆಲೆಗಳಿಗೆ ಸಾಮಾನ್ಯ ಅಳತೆ ಒಗ್ಗುವುದಿಲ್ಲ. ಅಲ್ಲದೆ ಘಾತ ನಿಯಮವು ಲಘುಗಣಕ ಅಕ್ಷಗಳಲ್ಲಿ ಸರಳರೇಖೆಯಾಗಿ ಕಾಣುತ್ತದೆ, ಸರಳರೇಖೆಯಿಂದಾದ ವಿಚಲನೆಯನ್ನು ಗುರುತಿಸಲು ಕಣ್ಣಿಗೆ ಸುಲಭ. ಸೊನ್ನೆ ಅಥವಾ ಋಣ ಬೆಲೆಗಳಿರುವ ದತ್ತಾಂಶಕ್ಕೆ ಮಾತ್ರ ಈ ಅಳತೆ ಸಲ್ಲದು, ಅಂಥ ಬಿಂದುಗಳು ನಕ್ಷೆಯಿಂದ ಕಾಣೆಯಾಗುತ್ತವೆ.

ಉದ್ಧರಣ ಚಿಹ್ನೆಯೊಳಗಿನ 'ಓ' ಅಕ್ಷರ ಪ್ರತಿ ಬಿಂದುವಿಗೂ ಒಂದು ವೃತ್ತ ಹಾಕಬೇಕೆಂದು ಹೇಳುತ್ತದೆ. ಅದನ್ನು ಬಿಟ್ಟರೆ ತಂತ್ರಾಂಶ ಬಿಂದುಗಳನ್ನು ಗೆರೆಯಿಂದ ಜೋಡಿಸುತ್ತದೆ. ಅಳತೆ ಮಾಡಿದ ದತ್ತಾಂಶವನ್ನು ಬಿಂದುಗಳಾಗಿ, ಸೂತ್ರದಿಂದ ಬಂದದ್ದನ್ನು ಗೆರೆಯಾಗಿ ಬರೆಯುವ ಪದ್ಧತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದೇ ಚಿತ್ರದಲ್ಲಿ ನಾಲ್ಕಾರು ವಸ್ತುಗಳು ಸೇರಿದಾಗ ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂದು ಓದುಗರು ಸೂಚಿಯನ್ನು (ಯಾವ ಗುರುತು ಯಾವುದಕ್ಕೆ ಎಂದು ಹೇಳುವ ಪಟ್ಟಿಯನ್ನು) ನೋಡದೆಯೇ ತಿಳಿಯುತ್ತಾರೆ. ಗೆರೆಯಿಂದಲೇ ಜೋಡಿಸಬೇಕಾದ ದತ್ತಾಂಶವಾದರೆ, ಉದಾಹರಣೆಗೆ ಗಂಟೆಗಂಟೆಯ ತಾಪಮಾನವಾದರೆ, ಮೊದಲು ಸಾರ್ಟ್ ಆಜ್ಞೆಯಿಂದ ಬಿಂದುಗಳನ್ನು ಕ್ರಮವಾಗಿ ಜೋಡಿಸಿಕೊಳ್ಳಬೇಕು. ತಂತ್ರಾಂಶ ಗೆರೆಯನ್ನು ನೀವು ಕೊಟ್ಟ ಸರದಿಯಲ್ಲೇ ಎಳೆಯುತ್ತದೆ, ಸರದಿ ಅಸ್ತವ್ಯಸ್ತವಾಗಿದ್ದರೆ ನಕ್ಷೆ ಸಿಕ್ಕುಬಿದ್ದ ನೂಲಿನ ಉಂಡೆಯಂತಾಗುತ್ತದೆ.

ಮೂರನೆಯ ಹಂತ: ಹೋಲ್ಡ್ ಆನ್, ಎರಡನೆಯ ದತ್ತಾಂಶ

ಈಗ ಹೀಗೆ ಬರೆಯಿರಿ:

ಹೋಲ್ಡ್ ಆನ್;
ಲಾಗ್‌ಲಾಗ್(ಎ2, ಟಿ2, 'ಎಸ್');

'ಎಸ್' ಎಂದರೆ ಚೌಕ. ನಡುವಿನ ಹೋಲ್ಡ್ ಆನ್ ಇಲ್ಲದಿದ್ದರೆ ಎರಡನೆಯ ಲಾಗ್‌ಲಾಗ್ ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ. ಅಕ್ಷಗಳಿಗೆ ನೆಕ್ಸ್ಟ್‌ಪ್ಲಾಟ್ ಎಂಬ ಒಂದು ಗುಣವಿದೆ. ಮುಂದೆ ಬರುವ ನಕ್ಷೆಯನ್ನು ಏನು ಮಾಡಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಸಾಮಾನ್ಯವಾಗಿ ಅದರ ಬೆಲೆ ಹಳೆಯದನ್ನು ತೆಗೆದು ಹೊಸದನ್ನು ಇಡು ಎಂದಿರುತ್ತದೆ. ಹೋಲ್ಡ್ ಆನ್ ಎಂದಾಗ ಅದು ಇದ್ದುದಕ್ಕೆ ಸೇರಿಸು ಎಂದು ಬದಲಾಗುತ್ತದೆ. ಈ ಗುಣ ಸೇರಿಕೊಂಡಿರುವುದು ಅಕ್ಷಗಳ ಜೋಡಿಗೆ, ಇಡೀ ತಂತ್ರಾಂಶಕ್ಕಲ್ಲ. ಹೊಸ ಕಿಟಕಿ ತೆರೆದರೆ ಅಲ್ಲಿ ಮತ್ತೆ ಹೋಲ್ಡ್ ಆನ್ ಹೇಳಬೇಕಾಗುತ್ತದೆ.

ಈ ಆಜ್ಞೆಯ ಜಾಗ ಮುಖ್ಯ. ಮ್ಯಾಟ್‌ಲ್ಯಾಬ್‌ನಲ್ಲಿ ಏನೂ ಬರೆಯುವ ಮೊದಲೇ ಹೋಲ್ಡ್ ಆನ್ ಕೊಟ್ಟರೆ ಖಾಲಿ ಅಕ್ಷಗಳು ಸಾಮಾನ್ಯ ಅಳತೆಯಲ್ಲೇ ಹುಟ್ಟಿ, ಇರುವುದನ್ನು ಬದಲಿಸಬೇಡ ಎಂಬ ಅಪ್ಪಣೆಗೆ ಕಟ್ಟುಬೀಳುತ್ತವೆ. ಆಮೇಲೆ ಬರುವ ಲಾಗ್‌ಲಾಗ್ ಬಿಂದುಗಳನ್ನು ಸೇರಿಸುತ್ತದೆಯೇ ಹೊರತು ಅಳತೆಯನ್ನು ಬದಲಿಸುವುದಿಲ್ಲ; ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಆದ್ದರಿಂದ ಮೊದಲ ನಕ್ಷೆ, ಆಮೇಲೆ ಹೋಲ್ಡ್ ಆನ್ ಎಂಬ ಕ್ರಮವನ್ನು ತಪ್ಪಿಸಬೇಡಿ. ಇನ್ನೂ ಖಚಿತವಾಗಬೇಕೆಂದರೆ ಸೆಟ್ ಆಜ್ಞೆಯಿಂದ ಅಕ್ಷಗಳ ಎಕ್ಸ್‌ಸ್ಕೇಲ್ ಮತ್ತು ವೈಸ್ಕೇಲ್ ಗುಣಗಳನ್ನು ಲಾಗ್ ಎಂದು ನೀವೇ ನಿಗದಿ ಮಾಡಬಹುದು. ಒಮ್ಮೆ ಅಳತೆ ಲಘುಗಣಕವಾಗಿ, ಹೋಲ್ಡ್ ಜಾರಿಯಲ್ಲಿದ್ದರೆ, ಮುಂದೆ ಬರಿಯ ಪ್ಲಾಟ್ ಆಜ್ಞೆ ಬಳಸಿದರೂ ಬಿಂದುಗಳು ಸರಿಯಾದ ಜಾಗದಲ್ಲೇ ಬೀಳುತ್ತವೆ.

ಎಲ್ಲವನ್ನೂ ಸೇರಿಸಿದ ಮೇಲೆ ಹೋಲ್ಡ್ ಆಫ್ ಎಂದು ಬರೆದು ಮುಗಿಸಿ. ಅದನ್ನು ಬಿಟ್ಟು, ಸ್ಕ್ರಿಪ್ಟಿನ ಆರಂಭದಲ್ಲಿ ಸಿಎಲ್ಎಫ್ ಕೂಡ ಇಲ್ಲದಿದ್ದರೆ, ತಿದ್ದಿ ಮತ್ತೆ ನಡೆಸಿದಾಗ ಹೊಸ ಬಿಂದುಗಳು ಹಳೆಯವುಗಳ ಮೇಲೆ ಕೂರುತ್ತವೆ. ಬೆಲೆಗಳು ಸ್ವಲ್ಪವೇ ಬದಲಾಗಿದ್ದರೆ ಹಳೆಯದು ಉಳಿದಿದೆಯೆಂದು ಗೊತ್ತಾಗದೆ ಬಹಳ ಹೊತ್ತು ತಲೆಕೆಡಿಸಿಕೊಳ್ಳಬೇಕಾಗುತ್ತದೆ.

ಹೋಲ್ಡ್ ಇಲ್ಲದೆಯೂ ಈ ಕೆಲಸ ಆಗುತ್ತದೆ. ಲಾಗ್‌ಲಾಗ್(ಎ1, ಟಿ1, 'ಓ', ಎ2, ಟಿ2, 'ಎಸ್') ಎಂದು ಎಲ್ಲ ಜೋಡಿಗಳನ್ನೂ ಒಂದೇ ಆಜ್ಞೆಯಲ್ಲಿ ಕೊಡಬಹುದು. ಎರಡು ಮೂರು ದತ್ತಾಂಶಗಳಿಗೆ ಇದು ಚೊಕ್ಕ. ಸಂಖ್ಯೆ ಹೆಚ್ಚಾದಾಗ, ಅಥವಾ ಕಡತಗಳನ್ನು ಒಂದೊಂದಾಗಿ ಓದಿ ಫಾರ್ ಆವರ್ತನೆಯೊಳಗೆ ಸೇರಿಸುವಾಗ, ಹೋಲ್ಡ್ ಮಾರ್ಗವೇ ಅನುಕೂಲ.

ಬೇರೆ ತಂತ್ರಾಂಶಗಳಲ್ಲಿ

ಮ್ಯಾಥಮ್ಯಾಟಿಕಾದಲ್ಲಿ ಪ್ರತಿ ನಕ್ಷೆಯೂ ಒಂದು ಸ್ವತಂತ್ರ ವಸ್ತು. ಅವುಗಳನ್ನು ಶೋ ಎಂಬ ಆಜ್ಞೆ ಒಟ್ಟುಗೂಡಿಸುತ್ತದೆ. ಅಲ್ಲಿ ಎರಡು ಎಡವುಗಲ್ಲುಗಳಿವೆ. ಶೋ ತನ್ನ ಆಯ್ಕೆಗಳನ್ನು, ವ್ಯಾಪ್ತಿಯನ್ನೂ ಸೇರಿಸಿ, ಮೊದಲ ನಕ್ಷೆಯಿಂದ ಪಡೆಯುತ್ತದೆ. ಗ್ರಹಗಳ ನಕ್ಷೆ ಮೊದಲಿದ್ದರೆ ಉಪಗ್ರಹಗಳು ಚೌಕಟ್ಟಿನ ಹೊರಗೆ ಉಳಿದು ಕಾಣದೇ ಹೋಗಬಹುದು. ಪ್ಲಾಟ್‌ರೇಂಜ್ ಆಯ್ಕೆಗೆ ಆಲ್ ಎಂಬ ಬೆಲೆ ಕೊಟ್ಟರೆ ಇದು ಸರಿಹೋಗುತ್ತದೆ. ಎರಡನೆಯದು ಇನ್ನೂ ಗಂಭೀರ: ಲಘುಗಣಕ ನಕ್ಷೆಗಳು ಒಳಗೊಳಗೆ ಬೆಲೆಗಳ ಲಘುಗಣಕವನ್ನೇ ನಿರ್ದೇಶಾಂಕಗಳಾಗಿ ಇಟ್ಟುಕೊಳ್ಳುತ್ತವೆ. ಆದ್ದರಿಂದ ಲಿಸ್ಟ್‌ಲಾಗ್‌ಲಾಗ್‌ಪ್ಲಾಟ್‌ನಿಂದ ಬಂದ ಬಿಂದುಗಳ ಮೇಲೆ ಸಾಮಾನ್ಯ ಪ್ಲಾಟ್‌ನ ಗೆರೆಯನ್ನು ಕೂರಿಸಿದರೆ ಗೆರೆ ಎಲ್ಲೋ ಹೋಗಿ ಬೀಳುತ್ತದೆ. ಗೆರೆಗೂ ಲಾಗ್‌ಲಾಗ್‌ಪ್ಲಾಟ್ ಅನ್ನೇ ಬಳಸಬೇಕು.

ಮೇಪಲ್‌ನಲ್ಲಿ ಪ್ಲಾಟ್ಸ್ ಕಟ್ಟಿನಲ್ಲಿರುವ ಡಿಸ್‌ಪ್ಲೇ ಇದೇ ಕೆಲಸ ಮಾಡುತ್ತದೆ. ಸೇಜ್‌ನಲ್ಲಿ ನಕ್ಷೆಗಳನ್ನು ಕೂಡುವ ಚಿಹ್ನೆಯಿಂದಲೇ ಸೇರಿಸಬಹುದು. ಗ್ನೂಪ್ಲಾಟ್‌ನಲ್ಲಿ ಒಂದೇ ಪ್ಲಾಟ್ ಆಜ್ಞೆಯಲ್ಲಿ ಅಲ್ಪವಿರಾಮ ಹಾಕಿ ಬರೆಯುತ್ತಾ ಹೋಗುವುದು ರೂಢಿ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಸೇರಿಸುತ್ತಾ ಹೋಗುವುದೇ ಸಹಜ ಸ್ಥಿತಿ. ಅಲ್ಲಿ ಹೋಲ್ಡ್ ಆಜ್ಞೆಯನ್ನು 3.0 ಆವೃತ್ತಿಯಲ್ಲಿ ತೆಗೆದೇ ಹಾಕಿದ್ದಾರೆ.

ನಾಲ್ಕನೆಯ ಹಂತ: ನಿಯಮದ ಗೆರೆಗಳನ್ನು ಸೇರಿಸುವುದು

ಈಗ ಪರದೆಯ ಮೇಲೆ ಬಲಗಡೆ ಎಂಟು ವೃತ್ತಗಳು, ಎಡಗಡೆ ಕೆಳಗೆ ನಾಲ್ಕು ಚೌಕಗಳು ಇರುತ್ತವೆ. ಗ್ರಹಗಳಿಗೆ ನಮ್ಮ ಏಕಮಾನಗಳಲ್ಲಿ ಅವಧಿಯೆಂದರೆ ದೂರದ 1.5ನೆಯ ಘಾತ. ಈ ಗೆರೆಯನ್ನು ಎಳೆಯಲು ದೂರದ ಬೆಲೆಗಳ ಒಂದು ಸಾಲು ಬೇಕು. ಸಾಮಾನ್ಯವಾಗಿ ಬಳಸುವ ಲಿನ್‌ಸ್ಪೇಸ್ ಸಮಾನ ಅಂತರದ ಬೆಲೆಗಳನ್ನು ಕೊಡುತ್ತದೆ. ಆದರೆ ಲಘುಗಣಕ ಅಕ್ಷದಲ್ಲಿ ಅವು ಬಲಗಡೆ ಒತ್ತಾಗಿ, ಎಡಗಡೆ ವಿರಳವಾಗಿ ಬೀಳುತ್ತವೆ. ಸರಳರೇಖೆಗೆ ಇದರಿಂದ ತೊಂದರೆಯಿಲ್ಲ, ವಕ್ರರೇಖೆಯಾದರೆ ಎಡಗಡೆ ಮುರಿದ ಕಡ್ಡಿಗಳಂತೆ ಕಾಣುತ್ತದೆ. ಲಾಗ್‌ಸ್ಪೇಸ್(-3, 2, 200) ಎಂದರೆ 0.001ರಿಂದ 100ರವರೆಗೆ ಲಘುಗಣಕ ಅಳತೆಯಲ್ಲಿ ಸಮನಾಗಿ ಹಂಚಿದ 200 ಬೆಲೆಗಳು ಸಿಗುತ್ತವೆ. ಘಾತದ ಚಿಹ್ನೆಯ (^) ಎಡಕ್ಕೆ ಒಂದು ಚುಕ್ಕೆ ಇಡುವುದನ್ನು ಮರೆಯಬೇಡಿ. ಚುಕ್ಕೆಯಿದ್ದರೆ ಮಾತ್ರ ಘಾತವನ್ನು ಪ್ರತಿ ಬೆಲೆಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಲಾಗುತ್ತದೆ.

ಉಪಗ್ರಹಗಳ ಗೆರೆಗೆ ಸ್ಥಿರಾಂಕ ಬೇಕು. ಬಹಳ ಜನ ಬಿಂದುಗಳಿಗೆ ಹೊಂದುವ ಗೆರೆಯನ್ನು ಹುಡುಕುವ ಪಾಲಿಫಿಟ್ ಆಜ್ಞೆಯನ್ನು ನೇರವಾಗಿ ಲಘುಗಣಕ ಬೆಲೆಗಳ ಮೇಲೆ ನಡೆಸಿ, ಓಟ ಮತ್ತು ಛೇದ ಎರಡನ್ನೂ ಪಡೆಯುತ್ತಾರೆ. ಇಲ್ಲಿ ಅದು ಅಷ್ಟು ಜಾಣತನವಲ್ಲ. ಛೇದವೆಂದರೆ ದೂರ 1 ಖಗೋಳಮಾನವಾದಾಗಿನ ಬೆಲೆ. ನಮ್ಮ ಉಪಗ್ರಹಗಳು ಇರುವುದು 0.003ರಿಂದ 0.013 ಖಗೋಳಮಾನದ ನಡುವೆ. ಅಷ್ಟು ದೂರದಿಂದ ಗೆರೆಯನ್ನು ಹಿಗ್ಗಿಸಿದಾಗ ಓಟದಲ್ಲಿ 0.001ರಷ್ಟು ವ್ಯತ್ಯಾಸವಾದರೂ ಕೊನೆಗೆ ಬರುವ ದ್ರವ್ಯರಾಶಿ ಅನುಪಾತ ಸುಮಾರು ಶೇಕಡ 1ರಷ್ಟು ಅಲುಗುತ್ತದೆ. ಪಾಲಿಫಿಟ್ ಅನ್ನು ಓಟ ನಿಜಕ್ಕೂ 1.5ರ ಹತ್ತಿರವಿದೆಯೇ ಎಂದು ಪರೀಕ್ಷಿಸಲು ಬಳಸಿ. ಸ್ಥಿರಾಂಕಕ್ಕೆ ಓಟವನ್ನು 1.5 ಎಂದೇ ನಿಗದಿ ಮಾಡಿ, ಪ್ರತಿ ಉಪಗ್ರಹಕ್ಕೂ ಅವಧಿಯ ವರ್ಗವನ್ನು ದೂರದ ಘನದಿಂದ ಭಾಗಿಸಿ. ನಾಲ್ಕಕ್ಕೂ ಉತ್ತರ 1047ರ ಆಸುಪಾಸಿನಲ್ಲೇ ಬರುತ್ತದೆ. ಗ್ರಹಗಳಿಗೆ ಇದೇ ಭಾಗಲಬ್ಧ 1, ಮತ್ತು ಅದು ನಡುವಿನ ಕಾಯದ ದ್ರವ್ಯರಾಶಿಗೆ ವಿಲೋಮವಾಗಿರುತ್ತದೆ; ಅಂದರೆ ಸೂರ್ಯನ ದ್ರವ್ಯರಾಶಿ ಗುರುವಿನದರ ಸುಮಾರು 1047 ಪಟ್ಟು.

ಎರಡನೆಯ ಗೆರೆ ಮೊದಲನೆಯದಕ್ಕಿಂತ 1047ರ ವರ್ಗಮೂಲದಷ್ಟು, ಅಂದರೆ ಸುಮಾರು 32.4 ಪಟ್ಟು ಮೇಲಿರುತ್ತದೆ. ಎರಡನ್ನೂ ಹೋಲ್ಡ್ ಜಾರಿಯಲ್ಲಿರುವಾಗಲೇ ಸೇರಿಸಿ. ಗೆರೆಗಳನ್ನು ತೆಳುವಾಗಿ, ಬೂದು ಬಣ್ಣದಲ್ಲಿ ಎಳೆದರೆ ಬಿಂದುಗಳು ಮುಂದೆ ನಿಲ್ಲುತ್ತವೆ. ನಂತರ ಬರೆದದ್ದು ಮೊದಲು ಬರೆದದ್ದರ ಮೇಲೆ ಕೂರುವುದರಿಂದ, ಸ್ಕ್ರಿಪ್ಟಿನಲ್ಲಿ ಗೆರೆಗಳನ್ನು ಮೊದಲು, ಬಿಂದುಗಳನ್ನು ಆಮೇಲೆ ಬರೆಯುವುದು ಉತ್ತಮ. ಈಗಾಗಲೇ ಬರೆದಾಗಿದ್ದರೆ ಯುಐಸ್ಟ್ಯಾಕ್ ಆಜ್ಞೆಯಿಂದ ಮೇಲು ಕೆಳಗು ಮಾಡಬಹುದು.

ಐದನೆಯ ಹಂತ: ವ್ಯಾಪ್ತಿ, ಬಣ್ಣ, ಸೂಚಿ

ಅಕ್ಷಗಳ ವ್ಯಾಪ್ತಿಯನ್ನು ಕೊನೆಯಲ್ಲಿ ನಿಗದಿ ಮಾಡಿ. ನೀವು ಕೈಹಾಕದಿದ್ದರೆ ಪ್ರತಿ ದತ್ತಾಂಶ ಸೇರಿದಂತೆಲ್ಲ ಅಕ್ಷಗಳು ತಾವಾಗಿ ಹಿಗ್ಗುತ್ತವೆ. ಎಕ್ಸ್‌ಲಿಮ್ ಅಥವಾ ವೈಲಿಮ್ ಎಂದು ಒಮ್ಮೆ ಹೇಳಿದ ಕೂಡಲೆ ಅವು ಅಲ್ಲಿಗೇ ಹೆಪ್ಪುಗಟ್ಟುತ್ತವೆ; ಆಮೇಲೆ ಸೇರಿದ ಬಿಂದುಗಳು ಹೊರಗೆ ಬಿದ್ದರೂ ಸುದ್ದಿಯಿರುವುದಿಲ್ಲ. ನಮ್ಮ ನಕ್ಷೆಗೆ ದೂರದ ಅಕ್ಷ 0.001ರಿಂದ 100ರವರೆಗೆ, ಕಾಲದ ಅಕ್ಷ 0.001ರಿಂದ 1000ದವರೆಗೆ ಸಾಕು.

ಬಣ್ಣಗಳನ್ನು ತಂತ್ರಾಂಶ ತಾನೇ ಹಂಚುತ್ತದೆ, ಆದರೆ ಅದರ ಪಟ್ಟಿಯಲ್ಲಿರುವುದು ಏಳು ಬಣ್ಣಗಳು. ಎಂಟನೆಯ ದತ್ತಾಂಶಕ್ಕೆ ಮತ್ತೆ ಮೊದಲ ಬಣ್ಣವೇ ಬರುತ್ತದೆ. ಬಣ್ಣವೊಂದನ್ನೇ ನಂಬಿಕೊಳ್ಳುವುದು ಬೇರೆ ಕಾರಣಕ್ಕೂ ಸರಿಯಲ್ಲ. ಕೆಂಪು ಹಸಿರುಗಳ ಭೇದ ಕಾಣದ ಓದುಗರಿರುತ್ತಾರೆ, ಕಾಲೇಜಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆದ ಪ್ರಾಜೆಕ್ಟ್ ವರದಿಯಲ್ಲಿ ಎಲ್ಲ ಬಣ್ಣಗಳೂ ಒಂದೇ ಬೂದಾಗುತ್ತವೆ. ಆದ್ದರಿಂದ ಪ್ರತಿ ದತ್ತಾಂಶಕ್ಕೂ ಬೇರೆ ಗುರುತು, ಪ್ರತಿ ಗೆರೆಗೂ ಬೇರೆ ಶೈಲಿ ಕೊಡಿ. ಐದಾರಕ್ಕಿಂತ ಹೆಚ್ಚು ದತ್ತಾಂಶಗಳು ಒಂದೇ ನಕ್ಷೆಯಲ್ಲಿದ್ದರೆ ಯಾವ ಗುರುತೂ ಕಾಪಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆಗ ಸಬ್‌ಪ್ಲಾಟ್ ಬಳಸಿ ಚಿಕ್ಕ ಚಿಕ್ಕ ನಕ್ಷೆಗಳಾಗಿ ಒಡೆದು, ಲಿಂಕ್‌ಆಕ್ಸಸ್ ಆಜ್ಞೆಯಿಂದ ಎಲ್ಲಕ್ಕೂ ಒಂದೇ ವ್ಯಾಪ್ತಿ ಕೊಡುವುದು ಮೇಲು.

ಸೂಚಿಗೆ ಲೆಜೆಂಡ್ ಆಜ್ಞೆಯಿದೆ. ಅದು ಹೆಸರುಗಳನ್ನು ವಸ್ತುಗಳು ಸೇರಿದ ಸರದಿಯಲ್ಲೇ ಹಂಚುತ್ತದೆ. ಗೆರೆಗಳನ್ನು ಮೊದಲು ಬರೆದಿರುವುದರಿಂದ ಗ್ರಹಗಳು, ಉಪಗ್ರಹಗಳು ಎಂದು ಎರಡೇ ಹೆಸರು ಕೊಟ್ಟರೆ ಅವು ಗೆರೆಗಳಿಗೆ ಅಂಟಿಕೊಂಡು, ಬಿಂದುಗಳು ಹೆಸರಿಲ್ಲದೆ ಉಳಿಯುತ್ತವೆ. ಇದನ್ನು ತಪ್ಪಿಸಲು ಪ್ರತಿ ನಕ್ಷೆಯ ಹಿಡಿಕೆಯನ್ನು (ಆ ನಕ್ಷೆಯನ್ನು ಗುರುತಿಸಲು ಆಜ್ಞೆ ಹಿಂದಿರುಗಿಸುವ ಬೆಲೆಯನ್ನು) ಒಂದು ಚರದಲ್ಲಿ ಇಟ್ಟುಕೊಳ್ಳಿ, ಉದಾಹರಣೆಗೆ ಎಚ್1 = ಲಾಗ್‌ಲಾಗ್(ಎ1, ಟಿ1, 'ಓ'); ಆಮೇಲೆ ಲೆಜೆಂಡ್‌ಗೆ ಬೇಕಾದ ಹಿಡಿಕೆಗಳನ್ನಷ್ಟೇ ಹೆಸರಿನ ಜೊತೆ ಕೊಡಿ. ಮ್ಯಾಟ್‌ಲ್ಯಾಬ್‌ನ ಈಚಿನ ಆವೃತ್ತಿಗಳಲ್ಲಿ ಲೆಜೆಂಡ್ ಬರೆದ ಮೇಲೆ ಇನ್ನೇನಾದರೂ ಸೇರಿಸಿದರೆ ಅದಕ್ಕೂ ಒಂದು ಅರ್ಥವಿಲ್ಲದ ಹೆಸರು ತಾನಾಗಿ ಸೂಚಿಗೆ ಸೇರುತ್ತದೆ, ಹಾಗಾಗಿ ಲೆಜೆಂಡ್ ಕೊನೆಯ ಸಾಲುಗಳಲ್ಲಿರಲಿ.

ಬಿಂದುಗಳ ಪಕ್ಕದಲ್ಲೇ ಬುಧ, ಶುಕ್ರ ಎಂದು ಹೆಸರು ಬರೆಯುವುದಾದರೆ ಟೆಕ್ಸ್ಟ್ ಆಜ್ಞೆ ಬಳಸಿ. ಹೆಸರನ್ನು ಬಿಂದುವಿನಿಂದ ಸ್ವಲ್ಪ ಬಲಕ್ಕೆ ಸರಿಸಲು ಸಾಮಾನ್ಯ ನಕ್ಷೆಯಲ್ಲಿ ಒಂದು ಸಣ್ಣ ಸಂಖ್ಯೆಯನ್ನು ಕೂಡುತ್ತೇವೆ. ಲಘುಗಣಕ ನಕ್ಷೆಯಲ್ಲಿ ಕೂಡುವ ಬದಲು 1.15ರಂಥ ಸಂಖ್ಯೆಯಿಂದ ಗುಣಿಸಬೇಕು. ಅಯೋದ ದೂರಕ್ಕೆ 0.1 ಕೂಡಿದರೆ ಅದರ ಹೆಸರು ಹೋಗಿ ಗ್ರಹಗಳ ಕಡೆ ನಿಲ್ಲುತ್ತದೆ.

ಎರಡು ಲಂಬ ಅಕ್ಷಗಳ ಬಗ್ಗೆ

ತಾಪಮಾನ ಮತ್ತು ಮಳೆಯಂತೆ ಏಕಮಾನವೇ ಬೇರೆಯಾದ ಎರಡು ಅಳತೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸಲು ಎಡಕ್ಕೊಂದು ಬಲಕ್ಕೊಂದು ಲಂಬ ಅಕ್ಷ ಹಾಕುವ ರೂಢಿಯಿದೆ. ಆಕ್ಟೇವ್‌ನಲ್ಲಿ ಪ್ಲಾಟ್‌ವೈವೈ, ಮ್ಯಾಟ್‌ಲ್ಯಾಬ್‌ನಲ್ಲಿ 2016ರಿಂದ ವೈವೈಆಕ್ಸಿಸ್ ಇದನ್ನು ಮಾಡುತ್ತವೆ. ನಾನು ಇದನ್ನು ಆದಷ್ಟು ಶಿಫಾರಸು ಮಾಡುವುದಿಲ್ಲ. ಎರಡು ಗೆರೆಗಳು ಎಲ್ಲಿ ಸಂಧಿಸುತ್ತವೆ, ಯಾವುದು ಕಡಿದಾಗಿ ಏರುತ್ತದೆ ಎಂಬುದೆಲ್ಲ ಅಕ್ಷಗಳ ವ್ಯಾಪ್ತಿಯನ್ನು ಆರಿಸಿದವರ ಇಷ್ಟಕ್ಕೆ ಬಿಟ್ಟದ್ದು. ವ್ಯಾಪ್ತಿ ಬದಲಿಸಿ ಯಾವ ಎರಡು ಗೆರೆಗಳನ್ನಾದರೂ ಜೊತೆಜೊತೆಯಾಗಿ ನಡೆಸಬಹುದು. ಒಂದರ ಕೆಳಗೊಂದು ಎರಡು ನಕ್ಷೆಗಳನ್ನಿಟ್ಟು ಅಡ್ಡ ಅಕ್ಷವನ್ನು ಮಾತ್ರ ಒಂದಾಗಿಸಿದರೆ ಹೇಳಬೇಕಾದ್ದನ್ನೆಲ್ಲ ಹೇಳಬಹುದು.

ಆರನೆಯ ಹಂತ: ವ್ಯತ್ಯಾಸವನ್ನು ಬೇರೆಯಾಗಿ ಬರೆಯುವುದು

1786ರಲ್ಲಿ ವಿಲಿಯಂ ಪ್ಲೇಫೇರ್ ಇಂಗ್ಲೆಂಡಿನ ಆಮದು ಮತ್ತು ರಫ್ತುಗಳನ್ನು ಒಂದೇ ನಕ್ಷೆಯಲ್ಲಿ ಎರಡು ಗೆರೆಗಳಾಗಿ ಎಳೆದು, ನಡುವಿನ ಜಾಗವನ್ನೇ ವ್ಯಾಪಾರದ ಲಾಭ ನಷ್ಟವಾಗಿ ತೋರಿಸಿದ. ಅಂದಿನಿಂದಲೂ ಒಂದು ತೊಡಕು ಉಳಿದಿದೆ: ಎರಡು ಗೆರೆಗಳ ನಡುವಿನ ಅಂತರವನ್ನು ಲಂಬವಾಗಿ ಓದಬೇಕು, ಕಣ್ಣು ಮಾತ್ರ ಅತಿ ಹತ್ತಿರದ ದೂರವನ್ನು ಅಳೆಯುತ್ತದೆ. ಕಡಿದಾಗಿ ಏರುವ ಕಡೆ ಗೆರೆಗಳು ಹತ್ತಿರ ಬಂದಂತೆ ಭಾಸವಾಗುತ್ತದೆ. ವ್ಯತ್ಯಾಸವೇ ಮುಖ್ಯವಾದರೆ ಅದನ್ನೇ ಲೆಕ್ಕ ಹಾಕಿ ಬರೆಯುವುದು ಪ್ರಾಮಾಣಿಕ ಮಾರ್ಗ.

ನಮ್ಮ ನಕ್ಷೆಯಲ್ಲಿ ಗ್ರಹಗಳೆಲ್ಲ ಗೆರೆಯ ಮೇಲೆ ಕರಾರುವಾಕ್ಕಾಗಿ ಕೂತಂತೆ ಕಾಣುತ್ತವೆ. ಐದಾರು ದಶಮಾನಗಳಷ್ಟು (ಒಂದೊಂದೂ ಹತ್ತು ಪಟ್ಟು) ಹರಡಿಕೊಂಡ ಅಕ್ಷದಲ್ಲಿ ಶೇಕಡ 1ರ ತಪ್ಪೂ ಬಿಂದುವಿನ ಅಗಲದೊಳಗೆ ಮುಚ್ಚಿಹೋಗುತ್ತದೆ. ಸಬ್‌ಪ್ಲಾಟ್(3, 1, [1 2]) ಎಂದು ಮುಖ್ಯ ನಕ್ಷೆಗೆ ಮೇಲಿನ ಎರಡು ಪಾಲು ಕೊಟ್ಟು, ಕೆಳಗಿನ ಪಾಲಿನಲ್ಲಿ ಪ್ರತಿ ಗ್ರಹಕ್ಕೂ ಅವಧಿಯ ವರ್ಗವನ್ನು ದೂರದ ಘನದಿಂದ ಭಾಗಿಸಿದ ಬೆಲೆಯನ್ನು ಬರೆಯಿರಿ. ಇಲ್ಲಿ ಅಡ್ಡ ಅಕ್ಷ ಮಾತ್ರ ಲಘುಗಣಕ. ಲಂಬ ಅಕ್ಷ 0.99ರಿಂದ 1.01ರವರೆಗಿನ ಸಾಮಾನ್ಯ ಅಳತೆಯದು.

ಹೀಗೆ ಮಾಡಿದಾಗ ಬುಧನ ಬಿಂದು 1.002ರ ಹತ್ತಿರ ನಿಲ್ಲುತ್ತದೆ, ಗುರುವಿನದು 0.9986ರಲ್ಲಿ. ಬುಧನೇ ನಿಯಮದಿಂದ ಹೆಚ್ಚು ದೂರ ಹೋದಂತೆ ತೋರುತ್ತದೆ. ಆದರೆ ಬುಧನ ದೂರ ಮತ್ತು ಅವಧಿಯನ್ನು ನಾವು ಮೂರೇ ಅಂಕಿಗಳಲ್ಲಿ ಬರೆದಿದ್ದೇವೆ; ಕೊನೆಯ ಅಂಕಿಯನ್ನು ಸರಿಗೂಡಿಸಿದ್ದರಿಂದಲೇ (ರೌಂಡ್ ಮಾಡಿದ್ದರಿಂದಲೇ) ಈ ಭಾಗಲಬ್ಧ ಶೇಕಡ 0.8ರವರೆಗೆ ಆಚೀಚೆ ಆಗಬಹುದು. ಎರ್ರರ್‌ಬಾರ್ ಆಜ್ಞೆಯಿಂದ ಈ ಅನಿಶ್ಚಿತತೆಯನ್ನು ಲಂಬ ಗೆರೆಯಾಗಿ ಸೇರಿಸಿ, ಆಮೇಲೆ ಎಕ್ಸ್‌ಸ್ಕೇಲ್ ಗುಣವನ್ನು ಲಾಗ್ ಎಂದು ಮಾಡಿ. ಬುಧನ ಗೆರೆ 1ನ್ನು ಆರಾಮವಾಗಿ ದಾಟುತ್ತದೆ. ಗುರುವಿಗೆ 11.86ರ ಬದಲು ಇನ್ನೊಂದು ಅಂಕಿ ಸೇರಿಸಿ 11.862 ಎಂದು ಬರೆದು ನೋಡಿ. ಅನಿಶ್ಚಿತತೆ ಶೇಕಡ 0.04ಕ್ಕೆ ಇಳಿಯುತ್ತದೆ, ಬಿಂದು ಮಾತ್ರ ಶೇಕಡ 0.1ರಷ್ಟು ಕೆಳಗೇ ಉಳಿಯುತ್ತದೆ. ನ್ಯೂಟನ್ ತಿದ್ದಿದ ರೂಪದಲ್ಲಿ ಈ ಭಾಗಲಬ್ಧವನ್ನು ನಿರ್ಧರಿಸುವುದು ಸೂರ್ಯನ ದ್ರವ್ಯರಾಶಿಯೊಂದೇ ಅಲ್ಲ, ಸೂರ್ಯ ಮತ್ತು ಗ್ರಹ ಎರಡರ ಮೊತ್ತ. ಗುರು ಸೂರ್ಯನ 1047ರಲ್ಲಿ ಒಂದು ಪಾಲಿರುವುದರಿಂದ ಶೇಕಡ 0.1ರ ಇಳಿಕೆಯನ್ನೇ ನಾವು ನಿರೀಕ್ಷಿಸಬೇಕು. ಯುರೇನಸ್ ಮತ್ತು ನೆಪ್ಚೂನ್ ಕೂಡ ಸರಿಸುಮಾರು ಅಷ್ಟೇ ಕೆಳಗಿವೆ, ಆದರೆ ಅವುಗಳ ದೂರವನ್ನು ದಶಾಂಶದ ನಂತರ ಎರಡೇ ಅಂಕಿಗಳವರೆಗೆ ಕೊಟ್ಟಿರುವುದರಿಂದ ಅವುಗಳ ಇಳಿಕೆಯ ಬಹುಪಾಲು ಸರಿಗೂಡಿಸಿದ್ದರಿಂದ ಬಂದಿರಬಹುದು. ಮೂರು ಬಿಂದುಗಳು ಒಂದೇ ಎತ್ತರದಲ್ಲಿದ್ದರೂ ಒಂದರ ಬಗ್ಗೆ ಮಾತ್ರ ಏನನ್ನಾದರೂ ಹೇಳಲು ನಮಗೆ ಆಧಾರವಿದೆ, ಅದನ್ನು ತೋರಿಸಿಕೊಡುವುದು ಅನಿಶ್ಚಿತತೆಯ ಗೆರೆಗಳು.

ಉಳಿಸುವುದು

ಪ್ರಿಂಟ್ ಆಜ್ಞೆಗೆ ಕಡತದ ಹೆಸರಿನ ಜೊತೆ ಪಿಡಿಎಫ್ ಆಯ್ಕೆ ಕೊಟ್ಟರೆ ಗೆರೆಗಳು ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ; ಪಿಎನ್‌ಜಿ ಬೇಕಾದರೆ ಅಂಗುಲಕ್ಕೆ 300 ಚುಕ್ಕೆಗಳ ಸಾಂದ್ರತೆಯನ್ನು ಜೊತೆಗೆ ಹೇಳಿ. ಪರದೆಯ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ವರದಿಗೆ ಅಂಟಿಸಬೇಡಿ, ಅಕ್ಷರಗಳು ಮಸುಕಾಗುತ್ತವೆ. ಅಕ್ಷಗಳ ಹೆಸರಿನ ಜೊತೆ ಏಕಮಾನ ಬರೆದಿದೆಯೇ ಎಂದು ನೋಡಿಕೊಂಡು, ಒಂದು ಪ್ರತಿಯನ್ನು ಕಪ್ಪು ಬಿಳುಪಿನಲ್ಲಿ, ವರದಿಯಲ್ಲಿ ಬರಬೇಕಾದ ಗಾತ್ರದಲ್ಲೇ ಮುದ್ರಿಸಿ, ವೃತ್ತ ಚೌಕಗಳು ಬೇರೆ ಬೇರೆಯಾಗಿ ಕಾಣುತ್ತಿದ್ದರೆ ಕಡತವನ್ನು ಸ್ಕ್ರಿಪ್ಟಿನ ಜೊತೆಗೇ ಒಂದೇ ಫೋಲ್ಡರಿನಲ್ಲಿಡಿ.